ಸೂರಿಗೆ ಹಾಸಿಗೆ ಹೊಲಿದವರು

ಯಾರ ಮನೆಗೆ ಕಾಲಿಟ್ಟರೂ ಅವರು ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದರು. ಮದುವೆಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ಒಮ್ಮೆ ಹುಣಸೂರಿನ ಒಂದು ಛತ್ರದಲ್ಲಿ ಅಕ್ಷತೆ ಹಾಕಲು ಸಾಲಿನಲ್ಲಿ ನಿಂತಿದ್ದಾಗ ನನ್ನ ಪಕ್ಕೆ ತಿವಿದು, "ನೋಡಿ ಸಿಸ್ಟ್ರೇ, ಇಷ್ಟು ದೊಡ್ಡ ಛತ್ರ ಕಟ್ಟವ್ರೆ, ಮ್ಯಾಲೆ ಬರೀ ಶೀಟು. ಪಾಪ, ಆ ಹೆಣ್ಣಿನ ಮೊಕದ ಬಣ್ಣ ಎಲ್ಲಾ ಇಳ್ದೋಗ್ತಾ ಅದೆ," ಎಂದರು. ಅಕ್ಷತೆ ಹಾಕಿದ ಮೇಲೆ ಮದುಮಗಳ ಹಣೆಯನ್ನು ತಮ್ಮ ಸೆರಗಿನಿಂದ ಒತ್ತಿ ಒರೆಸಿಯೇ ವೇದಿಕೆ ಇಳಿದರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿ ಬೇಸರದಿಂದ ಕಾಯುತ್ತಿದ್ದ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಪಕ್ಕದ ಮನೆಯವರು. ಆದರೂ ಈಗ ಬಿಸಿಲು ಏರಿದಾಗಲೆಲ್ಲ, ಶೀಟಿನ ಮನೆಯೊಳಗೆ ಬಾಣಂತಿಯೊಬ್ಬಳು ಬೆವರು ಒರೆಸಿಕೊಳ್ಳುವುದು ಕಂಡಾಗಲೆಲ್ಲ, ನನಗೆ ಮೊದಲು ನೆನಪಾಗುವುದು ಅವರೇ.

ಆಗ ನನಗೆ ರಾವಂದೂರಿನ ಕಡೆಯ ಒಂದು ಉಪಕೇಂದ್ರದಲ್ಲಿ ನರ್ಸ್ ಕೆಲಸ. ಪಿರಿಯಾಪಟ್ಟಣದಲ್ಲಿ ಮಹಡಿಯ ಮೇಲೊಂದು ಸಿಮೆಂಟ್ ಶೀಟಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಪಕ್ಕದಲ್ಲೇ ಅವರ ಹಾಸಿಗೆ ಅಂಗಡಿ. ಅಂಗಡಿಯ ಹಿಂದೆ ಮನೆ. ಅವರ ಯಜಮಾನರು ಹತ್ತಿ ಹಿಂಜುವ ಮಿಷನ್ ಇಟ್ಟುಕೊಂಡು ಹಾಸಿಗೆ, ದಿಂಬು ಮಾಡಿಕೊಡುತ್ತಿದ್ದರು. ಸಣಕಲು ಆಳು, ಮಾತು ಬಹಳ ಕಡಿಮೆ. ಫೋಮ್ ಹಾಸಿಗೆ ಬಂದ ಮೇಲೆ ಆ ಮಿಷನ್ ಹೆಚ್ಚು ದಿನ ಗೋಣಿತಾಟು ಹೊದ್ದುಕೊಂಡೇ ಕೂತಿರುತ್ತಿತ್ತು.

ನಾನು ಆ ಕೋಣೆಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಒಳಗೆ ಕೂರಲಾರದೆ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆ. ಕೆಳಗಿನಿಂದ ದನಿ ಕೇಳಿತು.

"ಸಿಸ್ಟ್ರೇ, ನಿಮ್ ಮನೆ ಸೂರಿನ ಮ್ಯಾಲೆ ಒಂದು ಕಾಗೆನಾದ್ರೂ ಕೂತಿದ್ದು ನೋಡಿದ್ದೀರಾ?"

ನೋಡಿದ ನೆನಪಿಲ್ಲ ಎಂದೆ.

"ಎಂಗೆ ಕೂತದೆ? ಕಾಲು ಸುಟ್ಟೋಗದಿಲ್ವ? ಕಾಗೆ ಕೂರದ ಜಾಗದಲ್ಲಿ ನೀವು ಮಲಗ್ತಾ ಇದ್ದೀರಿ," ಎಂದು ನಕ್ಕು, ಹೇಳದೆ ಕೇಳದೆ ಮೆಟ್ಟಿಲು ಹತ್ತಿ ಬಂದರು. ಒಳಗೆ ಹೋಗಿ ನನ್ನ ಸ್ಟೂಲಿನ ಮೇಲೆ ನಿಂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವವರಂತೆ ಅಂಗೈಯ ಹಿಂಬದಿಯಿಂದ ಶೀಟು ಮುಟ್ಟಿ ನೋಡಿದರು. "ಅಯ್ಯಯ್ಯೋ," ಎಂದು ಕೈ ಕೊಡವಿಕೊಂಡರು. ಅದೇ ನಮ್ಮ ಪರಿಚಯ.

ಹಳೆಯ ಪೇಪರನ್ನು ಹತ್ತಿಯಂತೆ ಹಿಂಜಿ ಸೂರಿನ ಕೆಳಗೆ ತುಂಬುವ ಕೆಲಸ ಅವರ ಕೈಗೆ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಅವರು ಒಂದೇ ಕತೆ ಹೇಳುತ್ತಿದ್ದರು. ಅಂಗಡಿ ಸೊರಗಿದ ಮೇಲೆ ಅವರು ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಕಟ್ಟಡದ ಕೂಲಿಗೆ ಹೋಗುತ್ತಿದ್ದರಂತೆ. ಅಲ್ಲಿ ವಯಸ್ಸಾದವರಿಗೆಂದು ಕಟ್ಟಿದ್ದ ಒಂದು ಸಾಲು ಮನೆಗೆ ಯಾರೋ ಹೊರಗಿನ ಎಂಜಿನಿಯರು ಬಂದು ಪೇಪರಿನ ಹಿಂಜು ತುಂಬಿಸುತ್ತಿದ್ದರು. ಅಕ್ಕನ ಕೆಲಸ ತಲೆಯ ಮೇಲೆ ಚೀಲ ಹೊರುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿದ್ದ ಒಂದು ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಾರೆ. ಕಣ್ಣು ಬಿಟ್ಟಾಗ ಸಂಜೆ.

"ಮೇಸ್ತ್ರಿ ಬೈತಾ ನಿಂತವ್ನೆ. ನಂಗೆ ಒಂದೂ ಕೇಳುಸ್ತಿಲ್ಲ," ಎನ್ನುತ್ತಿದ್ದರು. "ನನ್ ಜನ್ಮದಲ್ಲಿ ಬ್ಯಾಸಗೆಲಿ ಅಗಲೊತ್ತು ನಿದ್ದೆ ಮಾಡಿದ್ದೋಳಲ್ಲ ಕಣ್ ಸಿಸ್ಟ್ರೇ. ಕೂಲಿ ಕಳ್ಕಂಡೆ, ಬುಡಿ, ಆದ್ರೆ ಆ ನಿದ್ದೆ ಅಂದ್ರೆ! ಇದುನ್ನ ಕಲೀಲೇಬೇಕು ಅಂತ ಅವತ್ತೇ ಅಂದ್ಕಂಡೆ."

ಮಾರನೆಯ ದಿನದಿಂದ ಚೀಲ ಹೊರುತ್ತಲೇ ಕೇಳತೊಡಗಿದರು. ಇದು ಯಾಕೆ, ಅದು ಯಾಕೆ, ಪುಡಿ ಎಂಥದು. ಆ ಎಂಜಿನಿಯರಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಆದರೂ ಬೆಂಕಿ ಹಿಡಿಯದಂತೆ, ಹುಳು ಬೀಳದಂತೆ ಬೆರೆಸುವ ಪುಡಿ ಎಂಥದೆಂದು ಅವರು ಅಂಗಡಿಯಿಂದ ಅಂಗಡಿಗೆ ಚಿಟಿಕೆ ಪುಡಿ ಹಿಡಿದುಕೊಂಡು ಅಲೆದು ಪತ್ತೆಮಾಡಿದರು. ಪುಡಿ ಎರಡು. ಒಂದು, ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಿಳಿಗಾರ. ಇನ್ನೊಂದು ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್. "ಉಡುಗ್ರು ಕೇರಂ ಆಡೋ ಪುಡಿನಲ್ಲಿ ಮನೆ ಉಳೀತದಾ?" ಎಂದು ಅಂಗಡಿಯವರು ನಕ್ಕರಂತೆ.

ಮನೆಯಲ್ಲಿ ಯಜಮಾನರು ಒಪ್ಪಲಿಲ್ಲ. ಹತ್ತಿ ಹಿಂಜುವ ಮಿಷನ್ನಿಗೆ ರದ್ದಿ ಹಾಕುವುದೆಂದರೆ ಅವರಿಗೆ ದೇವರ ದೀಪಕ್ಕೆ ಸೀಮೆಎಣ್ಣೆ ಹಾಕಿದಷ್ಟು ಸಂಕಟ. ಅಕ್ಕ ಜಗಳವಾಡಲಿಲ್ಲ. ದಿನವೂ ಪೇಪರನ್ನು ಕೈಯಲ್ಲಿ ಹರಿದು ಹರಿದು ಅವರ ಕಣ್ಣೆದುರಿಗೇ ಗುಡ್ಡೆ ಹಾಕಿದರು. ಕೊನೆಗೆ ಒಂದು ದಿನ ಅವರೇ ಎದ್ದು ಹೋಗಿ ಗೋಣಿತಾಟು ತೆಗೆದು, "ಕೈ ಬೆರಳು ನೋಡ್ಕೋ ಒಸಿ, ಎಲ್ಲಾ ಕುಯ್ದೋಗದೆ. ತತ್ತಾ ಇತ್ತ," ಎಂದರಂತೆ. ಮಿಷನ್ನಿನಿಂದ ಹೊರಬಂದದ್ದು ಬೂದುಬಣ್ಣದ ಮೋಡ. ಹತ್ತಿಗಿಂತ ಭಾರ, ಉಣ್ಣೆಗಿಂತ ಹಗುರ.

ಅವರು ತುಂಬಿದ ಮೊದಲ ಸೂರು ನನ್ನದೇ. ಶೀಟಿನ ಕೆಳಗಿನ ತೀರು, ತೊಲೆಗಳಿಗೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಬಟ್ಟೆ ಹಾಸಿ, ಅದರೊಳಗೆ ಗೇಣುದ್ದ ದಪ್ಪಕ್ಕೆ ಹಿಂಜು ತುಂಬಿದರು. ಹಾಸಿಗೆ ಹೊಲಿಯುವ ಕೈ ತಾನೆ, ಅಂಚುಗಳನ್ನು ಹಾಸಿಗೆಯಂತೆಯೇ ಮಡಿಸಿ ಹೊಲಿದರು. ಅಂದಿನಿಂದ ಮಧ್ಯಾಹ್ನ ಕೋಣೆಯೊಳಗೆ ಕೂರುವಂತಾಯಿತು. ತಂಪಿನ ಅರಮನೆಯೇನೂ ಆಗಲಿಲ್ಲ. ತಲೆಯ ಮೇಲೆ ಕೆಂಡ ಸುರಿದಂತಾಗುತ್ತಿದ್ದುದು ನಿಂತಿತು, ಅಷ್ಟೆ. ನನಗೆ ಅಷ್ಟೇ ಸಾಕಾಗಿತ್ತು.

ಆದರೆ ಮೊದಲ ಮುಂಗಾರಿನಲ್ಲಿ ಶೀಟಿನ ಮೊಳೆ ಸಂದಿಯಿಂದ ನೀರಿಳಿದು, ಹಿಂಜು ನೆನೆದು ಊದಿ, ಬಟ್ಟೆ ಹರಿದು, ರೊಟ್ಟಿ ಹಿಟ್ಟಿನಂಥ ಬೂದು ಮುದ್ದೆಯೊಂದು ಇಸ್ತ್ರಿ ಮಾಡಿಟ್ಟಿದ್ದ ನನ್ನ ಯೂನಿಫಾರಂ ಮೇಲೆ ಬಿತ್ತು. ಕೂಗು ಕೇಳಿ ಓಡಿಬಂದ ಅಕ್ಕ ಮೊದಲು ನಕ್ಕರು. ಆಮೇಲೆ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ ನೆಲ ಬಳಿಯುತ್ತ ತಮಗೆ ತಾವೇ ಬೈದುಕೊಂಡರು. "ಮೊಳೆ ನೋಡ್ದೆ ತುಂಬ್ಬುಟ್ನಲ್ಲ, ನನ್ ಬುದ್ಧಿಗಿಷ್ಟು." ಆಮೇಲಿಂದ ಯಾರ ಮನೆಗೆ ಹೋದರೂ ಮೊದಲು ಸೂರಿನ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿಸಿ, ಒಳಗೆ ನಿಂತು ತಲೆಯೆತ್ತಿ ಕಾಯುವುದು ಅವರ ಪದ್ಧತಿಯಾಯಿತು. ಒಂದು ಹನಿ ಕಂಡರೂ ಡಾಂಬರು ಬಳಿಯದೆ ಮುಂದಕ್ಕಿಲ್ಲ.

ಸಂಜೆ ಅವರ ಅಂಗಡಿಯ ಜಗಲಿಯಲ್ಲಿ ಕೂರುವುದು ನನಗೆ ಅಭ್ಯಾಸವಾಯಿತು. ಅಕ್ಕ ಓದಿದ್ದು ಸ್ವಲ್ಪವೇ. ಆದರೆ ಹರಿಯುವ ಮುಂಚೆ ಪ್ರತಿ ಪುಟದ ದೊಡ್ಡಕ್ಷರಗಳನ್ನು ಕೂಡಿಸಿ ಕೂಡಿಸಿ ಯಜಮಾನರಿಗೆ ಕೇಳುವಂತೆ ಓದುತ್ತಿದ್ದರು. ಸುದ್ದಿಯೆಲ್ಲ ವರ್ಷದ ಹಿಂದಿನದು, ಎರಡು ವರ್ಷದ ಹಿಂದಿನದು. ಹೀಗಾಗಿ ಆ ಮನೆಯಲ್ಲಿ ಸೋತ ಮಂತ್ರಿ ಇನ್ನೂ ಗೆಲ್ಲುತ್ತಿದ್ದ, ಬಂದು ಹೋದ ಮಳೆ ಇನ್ನೂ ಬರಲಿತ್ತು. "ಈರುಳ್ಳಿ ರೇಟು ಇಳಿದದಂತೆ ಕಣ್ರೀ," ಎಂದು ಅವರು ಸಂತೋಷಪಟ್ಟರೆ, ಯಜಮಾನರು "ಯಾವ್ ವರ್ಷದ್ದು ನೋಡು," ಎನ್ನುತ್ತಿದ್ದರು.

ತೀರಿಕೊಂಡವರ ಫೋಟೋ ಇರುವ ಪುಟಗಳನ್ನು ಮಾತ್ರ ಅವರು ಹರಿಯುತ್ತಿರಲಿಲ್ಲ. ಬೇರೆ ಕಟ್ಟು ಮಾಡಿ ಎತ್ತಿಡುತ್ತಿದ್ದರು. ಯಾಕೆಂದು ಕೇಳಿದಾಗ, "ಯಾರೋ ಹೆತ್ತೋರು, ಯಾರೋ ಕಟ್ಕಂಡೋರು ದುಡ್ಡು ಕೊಟ್ಟು ಆಕ್ಸಿರ್ತಾರೆ. ಆ ಮೊಕನ ಮಿಷನ್ನಿಗೆ ಎಂಗೆ ಕೊಡದು?" ಎಂದರು. ಚುಂಚನಕಟ್ಟೆಯ ಕಡೆ ಹೋದಾಗ ಆ ಕಟ್ಟನ್ನು ಒಯ್ದು ಕಾವೇರಿಗೆ ಬಿಟ್ಟು ಬರುತ್ತಿದ್ದರು.

ಅವರ ಬಗ್ಗೆ ಹೇಳುವುದಾದರೆ ಆ ಮಾರ್ಗಶಿರದ ಕೂಸಿನ ವಿಷಯ ಹೇಳಲೇಬೇಕು.

ನನ್ನ ಉಪಕೇಂದ್ರಕ್ಕೆ ಸೇರಿದ ಒಂದು ಊರಿನಲ್ಲಿ ಒಬ್ಬ ಹುಡುಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮೈಸೂರಿನ ಆಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು, ಇನ್ನು ಬೆಚ್ಚಗೆ ನೋಡಿಕೊಳ್ಳಿ ಎಂದು ಮನೆಗೆ ಕಳಿಸಿದರು. ಮನೆ ಎಂದರೆ ಸಿಮೆಂಟ್ ಶೀಟು ಹೊದಿಸಿದ ಎರಡು ಕೋಣೆ. ಆ ಸಲ ಚಳಿ ಜೋರಾಗಿತ್ತು. ಗಂಡ ತರಕಾರಿ ಗಾಡಿ ಓಡಿಸಿಕೊಂಡು ವಯನಾಡಿನ ಕಡೆ ಹೋದರೆ ಬರುವುದು ವಾರಕ್ಕೊಮ್ಮೆ. ಮನೆಯಲ್ಲಿದ್ದವರು ಹುಡುಗಿ ಮತ್ತು ಅವಳ ಮಾವ.

ಕೂಸನ್ನು ಎದೆಯ ಮೇಲೆ ಮೈಗೆ ಮೈ ತಾಗಿಸಿ ಕಟ್ಟಿಕೊಳ್ಳುವುದನ್ನು ನಾನು ಹುಡುಗಿಗೆ ಹೇಳಿಕೊಟ್ಟಿದ್ದೆ. ಹಾಗೇ ಮಾಡುತ್ತಿದ್ದಳು. ಆದರೆ ತಾನು ನಿದ್ದೆ ಹೋದರೆ ಕೂಸು ಜಾರಿ ತಣ್ಣಗಾದೀತೆಂದು ಕಣ್ಣು ಮುಚ್ಚದೆ ಕೂತಿರುತ್ತಿದ್ದಳು. ದಿನದಿನಕ್ಕೆ ಅವಳ ಮುಖ ಒಣಗಿತು, ಹಾಲು ಕಡಿಮೆಯಾಯಿತು. ಮಾವ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟರು. ಹೊಗೆಗೆ ಕೂಸು ಕೆಮ್ಮಿತು. ನಾನು ಬೈದು ತೆಗೆಸಿದೆ. ತೆಗೆಸಿದೆನೇ ಹೊರತು ಅದರ ಬದಲಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಬೆಳಗ್ಗೆ ಹೋಗಿ ಪಾದ ಮುಟ್ಟಿದರೆ ತಣ್ಣಗೆ. ತೂಕ ಏರುತ್ತಿರಲಿಲ್ಲ.

ಸಂಜೆ ಜಗಲಿಯಲ್ಲಿ ಕೂತು ಇದನ್ನು ಹೇಳಿದಾಗ ಅಕ್ಕ, "ಬಿಸಿಲು ತಡಿಯೋದು ಚಳಿನೂ ತಡೀತದೆ. ನಾಳಿಕೆ ಬತ್ತೀನಿ," ಎಂದರು. ಮಾರನೆಯ ದಿನ ಒಂದು ಚೀಲ ಹಿಂಜು ಹೊತ್ತು ನನ್ನ ಜೊತೆ ಬಸ್ಸು ಹತ್ತಿದರು.

ಮಾವ ಜಗಲಿಯಲ್ಲಿದ್ದರು. ಕೇಳಿದೊಡನೆ ಅವರ ಮುಖ ಬಿಗಿಯಿತು.

"ಪೇಪರ್ರಾ? ನನ್ ಮನೆ ಸೂರಿಗಾ?"

"ಊ ಕಣಣ್ಣ, ಬೆಂಕಿ ಇಡಿಯಲ್ಲ. ಪುಡಿ ಬೆರ್ಸಿವ್ನಿ."

"ಬ್ಯಾಡ ಕಣವ್ವ. ಹೊಗೆಸೊಪ್ಪು ಬೇಯಿಸೋ ಮನೆ, ನನ್ ಬ್ಯಾರನ್ನು, ಉರ್ದೋಗಿದ್ದ ಕಣ್ಣಾರೆ ಕಂಡಿವ್ನಿ. ಒಂದ್ ಬೀಡಿ ಹಚ್ಚೋ ಒತ್ಗೆ ಸೂರೇ ಇರ್ನಿಲ್ಲ. ಒಳಗ್ ಹೋಗಿದ್ದ ನನ್ ತಮ್ಮ ಈಚೆಗ್ ಬರ್ನಿಲ್ಲ. ಆ ಕೂಸಿನ ತಲೆ ಮ್ಯಾಲೆ ಪೇಪರ್ರು ತುಂಬಕ್ಕೆ ನಾನು ಬುಡಲ್ಲ."

ಅಕ್ಕ ವಾದಿಸಲಿಲ್ಲ. ಚೀಲದಿಂದ ಒಂದು ಹಿಡಿ ತೆಗೆದು, "ನೀವೇ ನೋಡಿ," ಎಂದು ಅವರನ್ನು ಒಳಗೆ ಕರೆದು ಒಲೆಯ ಬಾಯಿಗೆ ಹಿಡಿದರು. ಕಪ್ಪಾಗಿ ಆರಬೇಕಿದ್ದದ್ದು ಭಗ್ಗನೆ ಹತ್ತಿಕೊಂಡಿತು.

ಮಾವ ಹಿಂದಕ್ಕೆ ಸರಿದು ಗೋಡೆ ಹಿಡಿದುಕೊಂಡಿದ್ದರು. ಅಕ್ಕ ಅದನ್ನು ಒಲೆಯೊಳಗೆ ಬಿಟ್ಟು, ಚೀಲದ ಬಾಯಿ ಕಟ್ಟಿ, "ನೀವೇಳಿದ್ದೇ ಸರಿ ಕಣಣ್ಣ. ಇದು ಸರಿ ಇಲ್ಲ," ಎಂದು ಎದ್ದರು. ಬಸ್ಸಿನಲ್ಲಿ ಪಿರಿಯಾಪಟ್ಟಣ ಬರುವವರೆಗೂ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಗಿದಿರಲಿಲ್ಲ. ಅವಸರದಲ್ಲಿ ಒಣ ಪುಡಿ ಉದುರಿಸಿದ್ದರಿಂದ ಅದೆಲ್ಲ ಚೀಲದ ತಳಕ್ಕೆ ಇಳಿದು, ಮೇಲಿನದು ಬರೀ ಪೇಪರಾಗಿಯೇ ಉಳಿದಿತ್ತು. ಅಕ್ಕ, ಯಜಮಾನರು ಇಬ್ಬರೂ ಕೂತು ಬಿಳಿಗಾರವನ್ನೂ ಬೋರಿಕ್ ಪೌಡರನ್ನೂ ಬಿಸಿನೀರಿನಲ್ಲಿ ಕರಗಿಸಿ, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಹಿಂಜಿಗೆಲ್ಲ ಹೊಡೆದು, ನನ್ನ ಕೋಣೆಯ ಮುಂದಿನ ತಾರಸಿಯ ಮೇಲೆ ಹರಡಿ ಒಣಗಿಸಿದರು. ಎಳೆಬಿಸಿಲು, ಬೇಗ ಒಣಗದು. ಅಕ್ಕ ಗಂಟೆಗೊಮ್ಮೆ ಬಂದು ಕೈಯಾಡಿಸುವರು. ಒಣಗಿದ ಮೇಲೆ ಚೀಲ ಚೀಲದಿಂದಲೂ ಒಂದೊಂದು ಹಿಡಿ ತೆಗೆದು, ಮೇಲಿನದು, ನಡುವಿನದು, ತಳದ್ದು, ಎಲ್ಲವನ್ನೂ ಬೆಂಕಿಗೆ ಒಡ್ಡಿ ನೋಡಿದರು. ನಾನು ದಿನಾ ಹೋಗಿಬಂದು ಕೂಸಿನ ತೂಕ ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು ಇನ್ನೂ ಜೋರಾಗಿ ಪಂಪು ಒತ್ತುತ್ತಿದ್ದರು.

ಯಜಮಾನರನ್ನೂ ಕರೆದುಕೊಂಡು ಮತ್ತೆ ಹೋದಾಗ ಅಕ್ಕ ನೇರವಾಗಿ ಮಾವನ ಎದುರಿಗೆ ನೆಲದ ಮೇಲೆ ಕೂತರು. ಎಡ ಅಂಗೈ ತುಂಬ ಹಿಂಜು ಇಟ್ಟುಕೊಂಡು ಹುಡುಗಿಗೆ, "ಒಲೆಯಿಂದ ಒಂದು ಕೆಂಡ ತಕ್ಕಂಬಾ ಕಣವ್ವ. ಇದ್ರ ಮ್ಯಾಲಿಡು," ಎಂದರು.

"ಅಕ್ಕಾ, ಬೇಡ," ಎಂದೆ ನಾನು.

"ನೀವು ಸುಮ್ನಿರಿ ಸಿಸ್ಟ್ರೇ. ಇಡವ್ವ ನೀನು."

ಹುಡುಗಿ ಇಕ್ಕಳದಲ್ಲಿ ಕೆಂಡ ಹಿಡಿದು ತಂದಳು. ಕೆಂಡ ಅಕ್ಕನ ಅಂಗೈಯ ಮೇಲೆ ಕೂತಿತು. ಸಣ್ಣಗೆ ಹೊಗೆ ಎದ್ದಿತು. ಸುತ್ತ ಒಂದಿಷ್ಟು ಕಪ್ಪಾಯಿತು. ಅಲ್ಲಿಗೇ ನಿಂತಿತು. ಅಕ್ಕ ಮಾವನ ಮುಖವನ್ನೇ ನೋಡುತ್ತಿದ್ದರು. ಮಾವ ಕೆಂಡವನ್ನು ನೋಡುತ್ತಿದ್ದರು.

"ಸುಡ್ತಾ ಇಲ್ವಾ?" ಎಂದು ಕೇಳಿದರು.

"ಬೆಚ್ಚಗದೆ."

ಕೆಂಡ ಮೆಲ್ಲಗೆ ಬೂದಿಯಾಗತೊಡಗಿತು. ಮಾವ ಬಲಗೈ ಚಾಚಿ, "ಕೊಡಿ ಇಲ್ಲಿ," ಎಂದರು. ಅಕ್ಕ ಹಿಂಜಿನ ಸಮೇತ ಅದನ್ನು ಅವರ ಅಂಗೈಗೆ ದಾಟಿಸಿದರು. ಅವರು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು. "ನನ್ ತಮ್ಮ..." ಎಂದು ಏನೋ ಹೇಳಹೊರಟು ನಿಲ್ಲಿಸಿದರು. ಅಕ್ಕ ಅವರ ಮಣಿಕಟ್ಟನ್ನು ಒಂದು ಗಳಿಗೆ ಹಿಡಿದು ಬಿಟ್ಟರು. ಆಮೇಲೆ ಮಾವ ಮೂಗು ಒರೆಸಿಕೊಂಡು, "ತುಂಬವ್ವ," ಎಂದರು.

ಅಕ್ಕ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನೋಡಿದರೆ ಅಂಗೈ ನಡುವೆ ಕೆಂಪಗೆ ಬೊಬ್ಬೆ.

"ಬೆಚ್ಚಗದೆ ಅಂದ್ರಿ?"

"ನಡುವೆ ಒಸಿ ತೆಳ್ಳಗೆ ಮಡಿಕ್ಕಂಬುಟ್ಟಿದ್ದೆ ಕಣ್ ಸಿಸ್ಟ್ರೇ. ಅವ್ರಿಗೇಳ್ಬ್ಯಾಡಿ," ಎಂದು ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕರು. ನನ್ನ ಚೀಲದಿಂದ ಮುಲಾಮು ತೆಗೆದು ಹಚ್ಚಿದೆ.

ತಾಯಿಯನ್ನೂ ಕೂಸನ್ನೂ ಧೂಳು ತಾಗದಂತೆ ಪಕ್ಕದ ಮನೆಗೆ ಕಳಿಸಿದೆವು. ಸೂರಿಗೆ ನೀರು ಸುರಿದು, ಸೋರಿದ ಕಡೆ ಮಾವನೇ ಹತ್ತಿ ಡಾಂಬರು ಬಳಿದರು. ಆಮೇಲೆ ತಟ್ಟಿ, ಬಟ್ಟೆ, ಹಿಂಜು. ಕೆಳಗಿನಿಂದ ಯಜಮಾನರು ಚೀಲ ಕೊಡುವುದು, ಮೇಲೆ ಅಕ್ಕ ತುಂಬುವುದು. ಕೆಲಸ ಮುಗಿಸಿ ಇಳಿದಾಗ ಅಕ್ಕನ ತಲೆ, ಹುಬ್ಬು, ರೆಪ್ಪೆ ಎಲ್ಲ ಬೂದು ಬಣ್ಣ. ಮೂಗು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಾಗ ಅಷ್ಟು ಜಾಗ ಮಾತ್ರ ಅವರದೇ ಮುಖವಾಗಿತ್ತು. ಮನೆ ಗುಡಿಸಿ ಒರೆಸಿದ ಮೇಲೆ ಮಾರನೆಯ ದಿನ ತಾಯಿ ಕೂಸು ಒಳಗೆ ಬಂದರು.

ಅದರ ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹೋದೆ. ಮಾವ ಬಾಗಿಲಲ್ಲೇ ಕಂಬಳಿ ಹೊದ್ದು ಕೂತಿದ್ದರು. ನನ್ನನ್ನು ಕಂಡವರೇ ಕೈ ಎತ್ತಿ ತಡೆದರು.

"ಮೆತ್ತಗೆ ಕಣ್ರವ್ವ. ಮಲಗವ್ಳೆ."

ಒಳಗೆ ಹುಡುಗಿ ಗೋಡೆಗೆ ದಿಂಬು ಕೊಟ್ಟು ಒರಗಿ, ಬಾಯಿ ತುಸು ತೆರೆದು, ಗಾಢ ನಿದ್ದೆಯಲ್ಲಿದ್ದಳು. ಎದೆಯ ಮೇಲಿನ ಕಟ್ಟಿನೊಳಗೆ ಕೂಸು. ಬೆರಳು ತೂರಿಸಿ ಪಾದ ಮುಟ್ಟಿದೆ. ಬೆಚ್ಚಗಿತ್ತು.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ ಕೂಸಿನ ವಿಷಯ ಹೇಳಿದೆ. ಅವರು ಕೇಳಿದ್ದು ಬೇರೆ. "ಅವ್ವ ಮಲಗವ್ಳಾ? ನಿಜ್ವಾಗ್ಲೂ ಮಲಗವ್ಳಾ?" ಮಲಗಿದ್ದಾಳೆ ಎಂದೆ. "ಮಲಗವ್ಳಂತೆ ಕಣ್ರೀ," ಎಂದು ಆ ಕಡೆ ಯಜಮಾನರಿಗೆ ಕೂಗಿ ಹೇಳಿದರು.

ಕೂಸು ಉಳಿದದ್ದು ತಾಯಿಯ ಮೈ ಕಾವಿನಿಂದ, ಅವಳ ಹಾಲಿನಿಂದ. ನರ್ಸಾಗಿ ನಾನು ಅದನ್ನೇ ಹೇಳಬೇಕು. ಆದರೆ ಆ ತಾಯಿಗೆ ನಿದ್ದೆ ತಂದುಕೊಟ್ಟವರು ಯಾರೆಂದು ನನಗೆ ಗೊತ್ತು.

ಆಮೇಲೆ ನನಗೆ ಸಾಲಿಗ್ರಾಮದ ಕಡೆಗೆ ವರ್ಗವಾಯಿತು. ಅಕ್ಕ ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೆಲ್ಲೋ ಕೆಲಸ ಮಾಡುತ್ತಿದ್ದರು. ಎಚ್.ಡಿ. ಕೋಟೆಯ ಕಡೆ ಒಂದು ಅಂಗನವಾಡಿ, ಹುಣಸೂರಿನಲ್ಲಿ ಒಂದು ಟೈಲರಿಂಗ್ ಕೋಣೆ. ದೊಡ್ಡ ಕೆಲಸವೇನೂ ಆಗಲಿಲ್ಲ. ಪೇಪರ್ ಎಂದೊಡನೆ ಮುಖ ತಿರುಗಿಸಿದವರೇ ಹೆಚ್ಚು. ಒಂದೆರಡು ಮನೆಯಲ್ಲಿ ಇಲಿ ಹೊಕ್ಕು ಗೂಡು ಮಾಡಿ, ಬೈಸಿಕೊಂಡು ಬಂದದ್ದೂ ಉಂಟು. ಫೋನಿನಲ್ಲಿ ಅದನ್ನೂ ನಗುತ್ತಲೇ ಹೇಳುತ್ತಿದ್ದರು. "ಇಲಿಗೂ ಗೊತ್ತಾಗದೆ ಕಣ್ ಸಿಸ್ಟ್ರೇ, ಎಲ್ಲಿ ಬೆಚ್ಚಗಿರ್ತದೆ ಅಂತ."

ಆಷಾಢದಲ್ಲಿ ಒಂದು ಬೆಳಗ್ಗೆ ಅಂಗಡಿಯ ಮುಂದೆ ರಂಗೋಲಿ ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕೂತರಂತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿಯಿತು. ನಾನು ಹೋದಾಗ ರಾವಂದೂರಿನ ಕಡೆಯ ಆ ಮಾವ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಪಕ್ಕದಲ್ಲಿ ಸೊಸೆ. ಅವಳ ಕೈ ಹಿಡಿದುಕೊಂಡು, ಶಾಲೆಗೆ ಹೋಗುವಷ್ಟಾಗಿದ್ದ ಆ ಹೆಣ್ಣುಮಗು. ಯಜಮಾನರು ಮಿಷನ್ನಿನ ಪಕ್ಕ ನೆಲದ ಮೇಲೆ ಕೂತಿದ್ದರು.

ದೀಪಾವಳಿ ಕಳೆದ ಮೇಲೆ ಯಜಮಾನರಿಂದ ನನಗೊಂದು ಫೋನು ಬಂತು. ಅವರು ಫೋನ್ ಮಾಡಿದ್ದು ಅದೇ ಮೊದಲು.

"ಚುಂಚನಕಟ್ಟೆ ತಾವ ಒಂದ್ ಮನೆ ಒಪ್ಕಂಡಿದ್ಲು," ಎಂದರು. "ಶೀಟಿನ ಮನೆ. ಒಬ್ಬಳು ವಯಸ್ಸಾದೋಳು ಅವ್ಳೆ, ಲಕ್ವ ಹೊಡೆದು ಮಲಗವ್ಳೆ. ನಾನೇ ಬತ್ತೀನಿ ಅಂತ ಏಳಿವ್ನಿ. ನಿಮ್ಗೆ ಹತ್ರ ಅಲ್ವಾ? ಏಣಿ ಇಡ್ಕಳಕ್ಕೆ ಒಬ್ರು ಬೇಕಾಯ್ತದೆ."

ಭಾನುವಾರ ಹೋದೆ. ಲಗೇಜ್ ಆಟೋದಲ್ಲಿ ಚೀಲಗಳ ನಡುವೆ ಕೂತು ಅವರು ಬಂದಿಳಿದರು. ಮಲಗಿದ್ದ ಅಜ್ಜಿಯನ್ನು ಮನೆಯವರು ಎತ್ತಿ ಪಕ್ಕದ ಜಗಲಿಗೆ ಒಯ್ದರು. ಮನೆಯವರೇ ಹತ್ತಿ ಸೂರಿಗೆ ನೀರು ಹಾಕಿ ನೋಡಿದ್ದಾಯಿತು, ತಟ್ಟಿ, ಬಟ್ಟೆ ಕಟ್ಟಿದ್ದೂ ಆಯಿತು. ಏಣಿಯ ಮುಂದೆ ನಿಂತು ಅವರು ಒಮ್ಮೆ ಕಣ್ಣು ಮುಚ್ಚಿದರು.

"ನಂಗೆ ಎತ್ರ ಅಂದ್ರೆ ತಲೆ ಸುತ್ತು ಬತ್ತದೆ ಸಿಸ್ಟ್ರೇ. ಅದ್ಕೇ ಯಾವಾಗ್ಲೂ ಅವ್ಳೇ ಹತ್ತೋಳು."

"ಬೇಡ ಬಿಡಿ, ಬೇರೆ ಯಾರನ್ನಾದರೂ ಕರೆಯೋಣ."

"ಬ್ಯಾಡ. ಇಡ್ಕಳಿ ಗಟ್ಟಿಯಾಗಿ."

ಒಂದೊಂದೇ ಮೆಟ್ಟಿಲು ಹತ್ತಿ ತೀರಿನ ಮೇಲೆ ಕವುಚಿ ಮಲಗಿಕೊಂಡು ತುಂಬತೊಡಗಿದರು. ನಾನು ಏಣಿಗೆ ಮೈಯಾನಿಸಿ ನಿಂತು ಚೀಲ ಎತ್ತಿ ಎತ್ತಿ ಕೊಟ್ಟೆ. ಅರ್ಧ ಸೂರು ಆಗುವ ಹೊತ್ತಿಗೆ ಮೇಲೆ ಅವರ ಕೈ ನಿಂತಿತು. ಬಟ್ಟೆಯಾಚೆ ಏನೂ ಕಾಣುತ್ತಿರಲಿಲ್ಲ. ಅಳುವನ್ನು ನುಂಗುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಕರೆಯಲಿಲ್ಲ. ಹೊರಗೆ ಅಜ್ಜಿ ಏನನ್ನೋ ಕೇಳುತ್ತಿದ್ದಳು, ಮನೆಯವರು ಇನ್ನು ಸ್ವಲ್ಪ ಹೊತ್ತು ಎಂದು ಸಮಾಧಾನ ಮಾಡುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ತಟ್ಟಿಯ ಸಂದಿಯಿಂದ ಬೂದು ಮೆತ್ತಿದ ಒಂದು ಕೈ ಕೆಳಗೆ ಬಂತು.

"ಇನ್ನೊಂದು ಚೀಲ ಕೊಡಿ ಸಿಸ್ಟ್ರೇ. ಕತ್ಲಾಗೋದ್ರೊಳಗೆ ಆ ಮುದುಕವ್ವನ ಒಳಗೆ ಮಲಗಿಸ್ಬೇಕು."